ಗಡಿ ದಾಟಿದ ಚೆಂಡು

ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್. ಜೂಜುವಾಡಿ ದಾಟಿದರೆ ಅತ್ತಿಬೆಲೆ, ಅಲ್ಲಿಂದ ಕರ್ನಾಟಕ. ಹೂವು, ತರಕಾರಿ, ಕೆಲಸ ಎಂದು ನಾವು ದಿನವೂ ದಾಟುವ ಈ ಗಡಿಯನ್ನು 2023ರ ಜೂನ್, ಜುಲೈ ತಿಂಗಳಲ್ಲಿ ಕಾಲ್ಚೆಂಡಾಟ ನೋಡಲೂ ದಾಟಬಹುದಾಗಿತ್ತು. ದಕ್ಷಿಣ ಏಷ್ಯಾದ ಸ್ಯಾಫ್ ಪಂದ್ಯಾವಳಿ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು. ಲೆಬನಾನ್ ಮತ್ತು ಕುವೈತ್ ಅತಿಥಿ ತಂಡಗಳಾಗಿ ಬಂದಿದ್ದವು.

ಜುಲೈ 4ರ ಫೈನಲ್ ನೆನಪಿದೆಯೇ? ಕುವೈತ್ ಮೊದಲು ಗೋಲು ಹೊಡೆಯಿತು; ಚಾಂಗ್ಟೆ ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲೂ ಇತ್ಯರ್ಥವಾಗಲಿಲ್ಲ. ಕೊನೆಗೆ ಪೆನಾಲ್ಟಿಯಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು ಎದುರಾಳಿಯ ಕೊನೆಯ ಹೊಡೆತ ತಡೆದರು. ಭಾರತ 5–4ರಿಂದ ಗೆದ್ದಿತು.

ಆ ಕ್ಷಣ 'ಗೋಲ್' ಎಂದು ಕೂಗಿದವರ ಮಾತು ಯಾವುದೆಂದು ಯಾರು ಕೇಳಿದರು? 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಬೆಂಗಳೂರಿನವರು. ಹೆಸರು ತಮಿಳು, ಊರು ಕನ್ನಡನಾಡು, ಆಡಿದ್ದು ಭಾರತಕ್ಕೆ.

ನಮ್ಮಲ್ಲಿ ಅನೇಕ ಮಕ್ಕಳಿಗೆ ಮನೆಮಾತು ಕನ್ನಡ, ಶಾಲೆಯ ಪಾಠ ತಮಿಳು. 'ನೀನು ಯಾವ ಕಡೆಯವನು?' ಎಂದರೆ ತಬ್ಬಿಬ್ಬಾಗುತ್ತಾರೆ. ಊರ ಬಯಲಿನಲ್ಲಿ ಅವರು ತಂಡ ಕಟ್ಟುವಾಗ ಭಾಷೆಯ ಮೇಲೆ ಪಾಲಾಗದಂತೆ ಹಿರಿಯರು ನೋಡಿಕೊಳ್ಳಬೇಕು. ಯಾವ ಮಾತಿನಲ್ಲಿ ಕರೆದರೇನು, ಚೆಂಡು ಕೈಗೂಡಿಬಂದವನ ಕಾಲಿಗೆ ಸೇರಿದರಾಯಿತು.