ಕಣ್ಣಿಗೆ ಒಂದೇ ರೋಗ, ಒಳಗೆ ನಾಲ್ಕು



ದೇವಿಕೊಪ್ಪದ ಈ ಪ್ರದರ್ಶನದ ರಿಬ್ಬನ್ ಕತ್ತರಿಸಿ ಕೂತುಬಿಡಬಹುದಿತ್ತು. ಆದರೆ ಒಳಗೆ ಬರುವಾಗಲೇ ಮೀನು ಸಾಕುವ ರೈತರೊಬ್ಬರು, "ಮೀನಿನ ಕಿವಿರು ಕೊಳ್ಯಾಕತ್ತಾವ್ರಿ ಸರ, ಯಾವ ಔಷಧ ಹಾಕೂಣು?" ಅಂದರು. ಔಷಧ ಆಮೇಲೆ. ಕೊಳೆಸುತ್ತಿರುವುದು ಯಾರು ಅನ್ನುವುದು ಮೊದಲು ಗೊತ್ತಾಗಬೇಕು.

ಅಮೆರಿಕದ ಎಚ್. ಎಸ್. ಡೇವಿಸ್ 1922ರಲ್ಲಿ ಇಂಥದೇ ಒಂದು ರೋಗವನ್ನು ಮಿಸಿಸಿಪಿ ನದಿಯ ಮೀನುಗಳಲ್ಲಿ ಕಂಡು ವಿವರಿಸಿದರು. ರೋಗ ಹಿಡಿದ ಕಿವಿರಿನಿಂದ ಚೂರು ಲೋಳೆ ಕೆರೆದು, ಒಂದು ಹನಿ ನೀರಿನೊಂದಿಗೆ ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ತೆಳ್ಳಗಿನ ಉದ್ದನೆಯ ಬ್ಯಾಕ್ಟೀರಿಯಾಗಳು ಮೆಲ್ಲಗೆ ಜಾರುತ್ತ ಬಂದು ಅಂಚಿನಲ್ಲಿ ಬಣವೆ ಒಟ್ಟಿದ ಹಾಗೆ ಗುಡ್ಡೆಯಾಗುತ್ತವೆ. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದರೆ ಹಳದಿ ಬಣ್ಣ, ಅಂಚಿನ ತುಂಬ ಬೇರುಬೇರಾಗಿ ಹರಡಿ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಡೇವಿಸ್‌ಗೆ ಅದನ್ನು ಬೆಳೆಸಲು ಆಗಲಿಲ್ಲ. 1944ರಲ್ಲಿ ಆರ್ಡಲ್ ಮತ್ತು ರಕರ್ ಬೆಳೆಸಿದರು. ಕೊನೆಗೆ ಫ್ಲೇವೋಬ್ಯಾಕ್ಟೀರಿಯಂ ಕಾಲಮ್ನೇರ್ ಎಂಬ ಹೆಸರು ನಿಂತಿತು.

ನಿಂತಿತು ಅಂದುಕೊಂಡಿದ್ದೆವು, ಅಷ್ಟೇ. ಎರಡು ಬ್ಯಾಕ್ಟೀರಿಯಾಗಳ ಇಡೀ ಜೀನೋಮ್ ತಾಳೆ ನೋಡಿದಾಗ ಹೋಲಿಕೆ ಶೇಕಡಾ 95–96ಕ್ಕಿಂತ ಕೆಳಗಿದ್ದರೆ ಅವು ಬೇರೆ ಬೇರೆ ಪ್ರಭೇದ ಎಂಬುದು ಈಗ ಎಲ್ಲರೂ ಒಪ್ಪಿರುವ ಅಳತೆ. ಆ ಅಳತೆ ಹಿಡಿದಾಗ ಒಂದೇ ಎಂದುಕೊಂಡಿದ್ದದ್ದು ನಾಲ್ಕಾಯಿತು. 2022ರಲ್ಲಿ ಹಳೆಯ ಹೆಸರು ಒಂದಕ್ಕೆ ಉಳಿದು, ಕೋವೆ, ಡೇವಿಸಿಯೈ, ಓರಿಯೋಕ್ರೋಮಿಸ್ ಎಂಬ ಮೂರು ಹೊಸ ಪ್ರಭೇದಗಳು ಬಂದವು. ಕೊನೆಯದು ಹೆಚ್ಚಾಗಿ ತಿಲಾಪಿಯಾಕ್ಕೆ ಅಂಟುವಂಥದ್ದು. ಜೀನೋಮ್ ಓದಿದ ಮಾತ್ರಕ್ಕೆ ಹೆಸರು ಸಿಗುವುದಿಲ್ಲ. ಜೀವಂತ ಮಾದರಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಗಾರಗಳಲ್ಲಿ ಇಡಬೇಕು, ಅನುಮಾನ ಇದ್ದವರು ತರಿಸಿ ನೋಡಲಿ ಅಂತ. ನಮ್ಮ ದೇಶದಲ್ಲಿ ಚಂಡೀಗಢದಲ್ಲಿ ಅಂಥದೊಂದು ಸಂಗ್ರಹಾಗಾರ ಇದೆ.

ಇದೆಲ್ಲ ಪಂಡಿತರ ಕಸರತ್ತು ಅನ್ನಿಸಬಹುದು. ಲಸಿಕೆ ಮಾಡುವವರನ್ನು ಕೇಳಿ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಕೆ. ಎಂ. ಶಂಕರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಏರೋಮೋನಾಸ್ ಹೈಡ್ರೋಫಿಲಾ ಎಂಬ ಬೇರೊಂದು ಬ್ಯಾಕ್ಟೀರಿಯಾವನ್ನು ಕೈಟಿನ್ (ಸೀಗಡಿ-ಏಡಿ ಚಿಪ್ಪಿನಲ್ಲಿರುವ ಗಟ್ಟಿ ವಸ್ತು) ಚೂರುಗಳ ಮೇಲೆ ಪದರವಾಗಿ ಬೆಳೆಸಿ, ಕಾಯಿಸಿ ಕೊಂದು, ಲಸಿಕೆಯಾಗಿ ಮೇವಿನಲ್ಲಿ ಬೆರೆಸಿ ಗೆಂಡೆ ಮೀನುಗಳಿಗೆ ತಿನ್ನಿಸಿ ನೋಡಿದರು. ಒಂದೊಂದಕ್ಕೂ ಸೂಜಿ ಚುಚ್ಚುವ ಗೋಜಿಲ್ಲ. ಆದರೆ ಯಾವ ಬ್ಯಾಕ್ಟೀರಿಯಾ ಎಂಬುದೇ ಖಚಿತವಿಲ್ಲದಿದ್ದರೆ ಯಾವುದನ್ನು ಬೆಳೆಸುವುದು, ಯಾವುದನ್ನು ತಿನ್ನಿಸುವುದು?

ಹಾಗಾಗಿ ಆ ಅಣ್ಣಾವರಿಗೆ ನನ್ನ ಉತ್ತರ ಇಷ್ಟೇ: ಅಂಗಡಿಯವನು ಕೊಟ್ಟ ಆಂಟಿಬಯೋಟಿಕ್ ಹೊಂಡಕ್ಕೆ ಸುರಿಯಬೇಡಿ. ರೋಗ ಹಿಡಿದರೂ ಇನ್ನೂ ಉಸಿರಾಡುತ್ತಿರುವ ಎರಡು-ಮೂರು ಮೀನು ಹಿಡಿದು, ಅದೇ ಹೊಂಡದ ನೀರಿನ ಚೀಲದಲ್ಲಿ ಲ್ಯಾಬಿಗೆ ಮುಟ್ಟಿಸಿ. ಸತ್ತು ತೇಲಿದ್ದು ಬೇಡ. ಅದರ ಮೈಮೇಲೆ ಕೊಳೆಸುವ ಬೇರೆ ಬ್ಯಾಕ್ಟೀರಿಯಾಗಳು ಮುತ್ತಿರುತ್ತವೆ, ಕೊಂದದ್ದು ಯಾವುದೆಂದು ತಿಳಿಯುವುದಿಲ್ಲ.

ಪ್ರದರ್ಶನ ಉದ್ಘಾಟನೆಯಾಗಿದೆ. ಒಳಗೆ ಸೂಕ್ಷ್ಮದರ್ಶಕ ಇಟ್ಟಿದ್ದಾರೆ, ಮಕ್ಕಳನ್ನು ಮೊದಲು ಬಿಡಿ.