ಎಸ್ಪ್ರೆಸೊಗೆ ಮಹಾಲಿಂಗಪುರದ ಬೆಲ್ಲ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಇವೆಲ್ಲ ಚಹಾದ ಊರುಗಳು. ಸಂತೆಗೆ ಬಂದವರಿಗೆ, ಕಬ್ಬು ಕಡಿಯುವವರಿಗೆ, ಮಗ್ಗದ ಮುಂದೆ ಕೂತ ನೇಕಾರರಿಗೆ ಹೊತ್ತು ಹೊತ್ತಿಗೆ ಬೇಕಾಗುವುದು ಚಹಾ. ಆದರೂ ಬೆಂಗಳೂರು, ಪುಣೆಗಳಲ್ಲಿ ಓದಿ, ದುಡಿದು ಬಂದ ಮಕ್ಕಳು ಮನೆಗೆ ಪುಟ್ಟದೊಂದು ಎಸ್ಪ್ರೆಸೊ ಯಂತ್ರವನ್ನೋ ಒಲೆಯ ಮೇಲಿಡುವ ಮೋಕಾ ಪಾತ್ರೆಯನ್ನೋ ತರುತ್ತಾರೆ. ಅದರ ಹಿಂದೆಯೇ ವೆನಿಲ್ಲಾ, ಹೇಝಲ್‌ನಟ್ ಸಿರಪ್ಪಿನ ಬಾಟಲಿಗಳೂ ಬರುತ್ತವೆ. ಆ ಬಾಟಲಿಗಳ ಅಗತ್ಯವಿಲ್ಲ ಎಂಬುದೇ ಇವತ್ತಿನ ನನ್ನ ಮಾತು. ಕೃಷ್ಣಾ-ಘಟಪ್ರಭೆಯರ ಈ ಸೀಮೆಯ ಅಡುಗೆಮನೆಯಲ್ಲಿ ಕಾಫಿಗೆ ಒಗ್ಗುವ ರುಚಿಗಳು ಬೇಕಾದಷ್ಟಿವೆ. ಯಾವುದನ್ನು ಯಾವ ಹಂತದಲ್ಲಿ ಕೂಡಿಸಬೇಕೆಂದು ತಿಳಿದರೆ ಸಾಕು.

ಮೊದಲು ಎಸ್ಪ್ರೆಸೊ ವಿಚಾರ. ಅದು ಕಾಫಿಬೀಜದ ಒಂದು ಜಾತಿಯಲ್ಲ, ಕಾಫಿ ಇಳಿಸುವ ಒಂದು ಬಗೆ. ಇಟಲಿಯ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಉಗಿಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. 1901ರಲ್ಲಿ ಮಿಲಾನಿನ ಲುಯಿಜಿ ಬೆಝೆರಾ ಒಂದೊಂದೇ ಕಪ್ಪು ಇಳಿಯುವಂತೆ ಅದನ್ನು ತಿದ್ದಿದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಕಿಲೆ ಗಾಜಾ ಎಂಬಾತ ಹಿಡಿಕೆ ಎಳೆದು ಒತ್ತಡ ಕೊಡುವ ಯಂತ್ರ ತಂದಾಗ ಕಪ್ಪಿನ ಮೇಲೆ ಹೊಂಬಣ್ಣದ ನೊರೆ ಕಟ್ಟತೊಡಗಿತು. ಈಗ ರೂಢಿಯಲ್ಲಿರುವ ಲೆಕ್ಕ ಹೀಗಿದೆ: 18 ಗ್ರಾಂ ನುಣ್ಣನೆಯ ಪುಡಿ, 9 ಬಾರ್ ಒತ್ತಡ, 90ರಿಂದ 96 ಡಿಗ್ರಿ ಬಿಸಿಯ ನೀರು, 25ರಿಂದ 30 ಸೆಕೆಂಡು, ಕಪ್ಪಿಗೆ ಇಳಿಯುವುದು 36 ಗ್ರಾಂನಷ್ಟು. ಇಟಲಿಯವರೇ ಆದ ಬಿಯಾಲೆಟ್ಟಿ 1933ರಲ್ಲಿ ತಂದ ಮೋಕಾ ಪಾತ್ರೆಯಲ್ಲಿ ಒತ್ತಡ ಒಂದೆರಡು ಬಾರ್ ಮಾತ್ರ. ಕಟ್ಟುನಿಟ್ಟಾಗಿ ನೋಡಿದರೆ ಅದು ಎಸ್ಪ್ರೆಸೊ ಅಲ್ಲ. ಆದರೆ ನಮ್ಮ ಪ್ರಯೋಗಕ್ಕೆ ಸಾಕಾಗುವಷ್ಟು ಗಟ್ಟಿ ಕಾಫಿ ಅದರಿಂದ ಸಿಗುತ್ತದೆ.

ಈ ಗಟ್ಟಿತನವನ್ನು ಗಮನದಲ್ಲಿಡಬೇಕು. ಸಾಮಾನ್ಯ ಕರಿ ಕಾಫಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಕಾಫಿಯ ಅಂಶ ಕರಗಿದ್ದರೆ ಎಸ್ಪ್ರೆಸೊದಲ್ಲಿ ಎಂಟರಿಂದ ಹನ್ನೆರಡು ಪಾಲು ಇರುತ್ತದೆ. ಹೀಗಾಗಿ ಮೆದುವಾದ ಪರಿಮಳಗಳು, ಗುಲಾಬಿ ನೀರಿನಂಥವು, ಅದರಲ್ಲಿ ಮುಳುಗಿಹೋಗುತ್ತವೆ. ಗಡುಸಾದವು ಒಂದು ಚಿಟಿಕೆ ಹೆಚ್ಚಾದರೂ ಗಂಟಲಿಗೆ ಬರುತ್ತವೆ.

ಸಾಮಾನ್ಯವಾಗಿ ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೆಂದರೆ ಕಾಫಿಪುಡಿಯ ಜೊತೆಗೇ ಮಸಾಲೆಪುಡಿ ಬೆರೆಸಿ ಯಂತ್ರಕ್ಕೆ ತುಂಬುವುದು. ಅದನ್ನು ಮಾಡಬೇಡಿ. ಶುಂಠಿಪುಡಿ, ದಾಲ್ಚಿನ್ನಿ ಪುಡಿ ನೀರು ಹೀರಿ ಉಬ್ಬಿ ಲೋಳೆಯಾಗಿ ಜಾಲರಿಯ ರಂಧ್ರಗಳನ್ನು ಕಟ್ಟುತ್ತವೆ. ಮೋಕಾ ಪಾತ್ರೆಯಲ್ಲಂತೂ ದಾರಿ ಕಟ್ಟಿದರೆ ಉಗಿಗೆ ಸುರಕ್ಷಾ ವಾಲ್ವ್ ಒಂದೇ ಗತಿ. ಆ ವಾಲ್ವಿನಲ್ಲೂ ಸುಣ್ಣ ಕಟ್ಟಿದ್ದರೆ ಅಪಾಯ. ರುಚಿಯನ್ನು ಕಪ್ಪಿನಲ್ಲಿ ಕೂಡಿಸಿ, ಇಲ್ಲವೇ ಹಾಲಿನಲ್ಲಿ ಕೂಡಿಸಿ. ಯಂತ್ರದೊಳಗೆ ಕಾಫಿಪುಡಿ, ನೀರು ಬಿಟ್ಟು ಬೇರೇನೂ ಹೋಗಬಾರದು. ಆ ಪುಡಿಯೂ ಚಿಕೋರಿ ಬೆರೆಸದ್ದಾಗಿರಲಿ. ಅಂಗಡಿಯ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಪಾಲು ಇದ್ದರೂ ಕಾನೂನಿಗೆ ಸಾಕು. ಉಳಿದದ್ದು ಹುರಿದ ಬೇರಿನ ಪುಡಿ. ಫಿಲ್ಟರ್ ಕಾಫಿಗೆ ಅದು ಬಣ್ಣ, ಮೈ ಎರಡನ್ನೂ ಕೊಡುತ್ತದೆ ನಿಜ. ಇಲ್ಲಿ ಮಾತ್ರ ನಾವು ಕೂಡಿಸಲು ಹೊರಟ ಬೇರೆಲ್ಲ ರುಚಿಯನ್ನೂ ಅದು ಮುಚ್ಚಿಬಿಡುತ್ತದೆ.

ನೀರು ಅಂದೆನಲ್ಲ, ಕಾಫಿಗೆ ನಾವು ಕೂಡಿಸುವ ಮೊದಲನೆಯ ರುಚಿ ಅದೇ. ನಮ್ಮ ಸೀಮೆಯ ಬೋರ್‌ವೆಲ್ ನೀರು ಬಹಳ ಕಡೆ ಸವುಳು, ಗಡಸು. ಅದರಲ್ಲಿರುವ ಬೈಕಾರ್ಬನೇಟ್ ಕಾಫಿಯ ಆಮ್ಲವನ್ನು ನುಂಗುತ್ತದೆ. ಚಿಕ್ಕಮಗಳೂರಿನ ಒಳ್ಳೆಯ ಅರೇಬಿಕಾದಲ್ಲಿರುವ ಹಣ್ಣಿನಂಥ ಹುಳಿ ಅದರಿಂದಲೇ ಸತ್ತುಹೋಗುತ್ತದೆ. ಹಾಗೆಂದು ಖನಿಜವೆಲ್ಲ ತೆಗೆದ ಆರ್‌ಓ ನೀರಿನಲ್ಲಿ ಇಳಿಸಿದರೂ ಕಾಫಿ ಚಪ್ಪೆಯೇ. ಎರಡನ್ನೂ ಬೆರೆಸಿ ನೋಡಿ: ಮೂರು ಪಾಲು ಆರ್‌ಓ, ಒಂದು ಪಾಲು ಬೋರ್‌ವೆಲ್ ನೀರು. ಇಷ್ಟರಿಂದಲೇ ಕಪ್ಪು ಎಷ್ಟು ಬದಲಾಗುತ್ತದೆಂದು ನೋಡಿದ ಮೇಲೆ ಉಳಿದ ಪ್ರಯೋಗಕ್ಕೆ ಕೈ ಹಾಕುವುದು ಒಳ್ಳೆಯದು.

ಇನ್ನು ಬೆಲ್ಲ. 1989ರಲ್ಲಿ ಜಮಖಂಡಿ ಸೀಮೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ವಂತಿಗೆ ಹಾಕಿ, ಮೈಮುರಿದು ದುಡಿದು ಕೃಷ್ಣೆಗೆ ಅಡ್ಡಲಾಗಿ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿದರು. ಆ ನೀರು ಸುತ್ತಲ ಹೊಲಗಳಿಗೆ ಹರಿದು ಕಬ್ಬು ಹಬ್ಬಿತು. ಮಹಾಲಿಂಗಪುರದ ಬೆಲ್ಲದ ಪೇಟೆಯ ಹೆಸರಂತೂ ಕರ್ನಾಟಕಕ್ಕೆಲ್ಲ ಗೊತ್ತು. ಎಸ್ಪ್ರೆಸೊಗೆ ಕೂಡಿಸಲು ಇಡೀ ಜಗತ್ತಿನಲ್ಲಿ ನನಗೆ ಒಂದೇ ವಸ್ತು ಆರಿಸಿಕೋ ಎಂದರೆ ಆ ಬೆಲ್ಲವನ್ನೇ ಆರಿಸಿಕೊಳ್ಳುತ್ತೇನೆ. ಇದು ಬರೀ ಊರಿನ ಅಭಿಮಾನದ ಮಾತಲ್ಲ. ಕಾಫಿಬೀಜ ಹುರಿಯುವಾಗ ಅದರ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕಾವಿಗೆ ಕೂಡಿ ಕಂದುಬಣ್ಣ, ಕಂಪು ಹುಟ್ಟುತ್ತವೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕಕ್ಕೆ ಬರುವಾಗ ನಡೆಯುವುದೂ ಅದೇ ಕ್ರಿಯೆ. ಎರಡರ ಪರಿಮಳಗಳಿಗೂ ನೆಂಟಸ್ತಿಕೆ ಇದೆ. ಬಿಳಿ ಸಕ್ಕರೆಯಿಂದ ಸಿಹಿ ಮಾತ್ರ ಬರುತ್ತದೆ. ಬೆಲ್ಲದಿಂದ ಸಿಹಿಯ ಜೊತೆಗೆ ಸುಟ್ಟ ಕಂಪು, ಪೊಟ್ಯಾಸಿಯಂ ಮೊದಲಾದ ಖನಿಜಗಳ ತುಸು ಉಪ್ಪು ಛಾಯೆ ಎರಡೂ ಬರುತ್ತವೆ. ಮೆಕ್ಸಿಕೋದ ಹಳ್ಳಿಗಳಲ್ಲಿ ಮಣ್ಣಿನ ಗಡಿಗೆಯಲ್ಲಿ ದಾಲ್ಚಿನ್ನಿ ಮತ್ತು ನಮ್ಮ ಬೆಲ್ಲದಂಥದೇ ಕಬ್ಬಿನ ಪಾಕದ ಅಚ್ಚು ಹಾಕಿ ಕಾಫಿ ಕುದಿಸುತ್ತಾರೆ. 'ಕಫೆ ದೆ ಒಯಾ' ಎನ್ನುವ ಆ ಕಾಫಿ ಅಲ್ಲಿಯ ಮನೆಮನೆಯದು.

ಬೆಲ್ಲ ಆರಿಸುವಾಗ ಹೊಳೆಯುವ ಹಳದಿ ಪೆಂಟಿಗೆ ಮರುಳಾಗಬೇಡಿ. ಆ ಬಣ್ಣ ಬಹಳ ಸಲ ಹೈಡ್ರೋಸ್ ಎಂಬ ರಾಸಾಯನಿಕದಿಂದ ಬಂದದ್ದು. ಬೆಂಡಿಗಿಡದ ಲೋಳೆಯಿಂದ ಕಬ್ಬಿನ ಹಾಲನ್ನು ತಿಳಿಮಾಡಿ ಕಾಸಿದ ಕಂದು ಬೆಲ್ಲ ನೋಡಲು ಚಂದವಿಲ್ಲದಿದ್ದರೂ ಕಾಫಿಗೆ ಅದೇ ಸರಿ. ಪುಡಿಮಾಡಿದ ಬೆಲ್ಲ ಒಂದು ಚಮಚ ಬರಿದಾದ ಕಪ್ಪಿನ ತಳಕ್ಕೆ ಹಾಕಿ, ಅದರ ಮೇಲೆ ನೇರವಾಗಿ ಎಸ್ಪ್ರೆಸೊ ಇಳಿಸಿ, ಕಲಕಿ. ಹಾಲು ಬೇಕೆಂದರೆ ಆಮೇಲೆ. ಬೆಲ್ಲ ಹಾಕಿದರೆ ಹಾಲು ಒಡೆಯುತ್ತದೆಂಬ ಹೆದರಿಕೆ ಎಲ್ಲರಿಗೂ ಇದೆ, ಅದಕ್ಕೆ ಕಾರಣವೂ ಇದೆ. ಬೆಲ್ಲ ತುಸು ಆಮ್ಲೀಯ, ಕಾಫಿಯೂ ಆಮ್ಲೀಯ, ಕುದಿಯುವ ಹಾಲಿನ ಕೇಸಿನ್ ಎಂಬ ಪ್ರೋಟೀನು ಅಷ್ಟಕ್ಕೇ ಗಡ್ಡೆಕಟ್ಟುತ್ತದೆ. ಬೆಲ್ಲದ ಚಹಾ ಮಾಡುವವರಿಗೆ ಇದಕ್ಕೆ ಉಪಾಯ ಗೊತ್ತು: ಡಿಕಾಕ್ಷನ್ನಿನಲ್ಲಿ ಬೆಲ್ಲ ಪೂರ್ತಿ ಕರಗಿಸಿ, ಒಲೆಯಿಂದ ಇಳಿಸಿ, ಬೇರೆ ಕಾಸಿ ತುಸು ಆರಿಸಿದ ಹಾಲನ್ನು ಕೊನೆಗೆ ಸೇರಿಸುತ್ತಾರೆ. ಕಾಫಿಗೂ ಅದೇ ಕ್ರಮ.

ಉಪ್ಪಿನ ಮಾತು ಕೇಳಿದರೆ ಹಲವರು ಮುಖ ಕಿವುಚುತ್ತಾರೆ. ಆದರೆ ಬ್ರೆಸ್ಲಿನ್ ಮತ್ತು ಬೋಶಾಂಪ್ ಎಂಬ ಇಬ್ಬರು ವಿಜ್ಞಾನಿಗಳು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದ್ದು ಇದು: ಸೋಡಿಯಂ ನಾಲಗೆಗೆ ಕಹಿ ತಟ್ಟುವುದನ್ನು ತಗ್ಗಿಸುತ್ತದೆ, ಕಹಿ ತಗ್ಗಿದ ಕಾರಣ ಅದರಡಿ ಅಡಗಿದ್ದ ಸಿಹಿ ಮೇಲೇಳುತ್ತದೆ. ಎಸ್ಪ್ರೆಸೊದ ಕಹಿಯಲ್ಲಿ ಕೆಫೀನಿನ ಪಾಲು ಚಿಕ್ಕದು. ಹೆಚ್ಚಿನದು ಬೀಜ ಹುರಿಯುವಾಗ ಕ್ಲೋರೋಜೆನಿಕ್ ಆಮ್ಲ ಒಡೆದು ಹುಟ್ಟುವ ವಸ್ತುಗಳದು. ಕಪ್ಪಗೆ ಹುರಿದಷ್ಟೂ ಕಹಿ ಜಾಸ್ತಿ. ಅಂಥ ಕಾಫಿಗೆ ಎರಡು ಬೆರಳ ತುದಿಗೆ ಸಿಕ್ಕಷ್ಟು ಉಪ್ಪು ಹಾಕಿ. ನಾಲಗೆಗೆ ಉಪ್ಪು ಎಂದು ಗೊತ್ತಾಯಿತೋ, ಹೆಚ್ಚಾಯಿತು. ಇಥಿಯೋಪಿಯಾದ ಕೆಲವು ಕಡೆ ಕಾಫಿಗೆ ಉಪ್ಪು ಹಾಕುವ ವಾಡಿಕೆಯೇ ಇದೆ.

ಒಣಶುಂಠಿ ಮತ್ತು ಹಸಿ ಅಲ್ಲ, ಅಂದರೆ ಹಸಿ ಶುಂಠಿ, ಒಂದೇ ಗಿಡದ್ದಾದರೂ ಕಾಫಿಯಲ್ಲಿ ಬೇರೆ ಬೇರೆ. ಒಣಗಿದಾಗ ಶುಂಠಿಯಲ್ಲಿರುವ ಜಿಂಜರಾಲ್ ಎಂಬ ಖಾರದ ವಸ್ತು ಶೋಗಾಲ್ ಆಗಿ ಖಾರ ಹೆಚ್ಚುತ್ತದೆ. ಬೇಯಿಸಿದಾಗ ಜಿಂಜೆರೋನ್ ಹುಟ್ಟಿ ಮೆದುವಾಗುತ್ತದೆ. ಹಸಿ ಅಲ್ಲದಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವವೂ ಇದೆ. ಬೆಚ್ಚನೆಯ ಹಾಲಿಗೆ ಹಸಿ ಅಲ್ಲದ ರಸ ಹಾಕಿದರೆ ಹೆಪ್ಪುಗಟ್ಟುತ್ತದೆ, ಚೀನಾದ ದಕ್ಷಿಣದಲ್ಲಿ ಅದನ್ನೇ ಸಿಹಿತಿಂಡಿಯಾಗಿ ತಿನ್ನುತ್ತಾರೆ. ಆದ್ದರಿಂದ ಅಲ್ಲ ಹಾಕುವುದಾದರೆ ನೀರಿನಲ್ಲಿ ಚೆನ್ನಾಗಿ ಕುದಿಸಿಯೇ ಹಾಕಿ. ಕಾಫಿ-ಶುಂಠಿಯ ಜೋಡಿ ಬಲು ಹಳೆಯದು. ಯೆಮನ್ನಿನವರು ಇಂದಿಗೂ ಒಣಗಿದ ಕಾಫಿಹಣ್ಣಿನ ಸಿಪ್ಪೆಯನ್ನು ಶುಂಠಿಯೊಂದಿಗೆ ಕುದಿಸಿ 'ಕಿಶರ್' ಎಂದು ಕುಡಿಯುತ್ತಾರೆ. ಬಾಬಾ ಬುಡನ್ ನಮ್ಮ ಗಿರಿಗಳಿಗೆ ಕಾಫಿಬೀಜ ತಂದರೆಂದು ಐತಿಹ್ಯ ಹೇಳುವುದೂ ಅದೇ ಯೆಮನ್ನಿನಿಂದ.

ಯಾಲಕ್ಕಿಯ ಪರಿಮಳ ಎಣ್ಣೆಯ ಅಂಶದಲ್ಲಿರುತ್ತದೆ, ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಇಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ, ಎಮ್ಮೆ ಹಾಲು. ಅದರ ಕೊಬ್ಬು ನೂರಕ್ಕೆ ಆರೇಳು ಪಾಲು. ಜಜ್ಜಿದ ಯಾಲಕ್ಕಿಯನ್ನು ಎಮ್ಮೆ ಹಾಲಿನಲ್ಲಿ ಸಣ್ಣ ಉರಿಯ ಮೇಲೆ ಹತ್ತು ನಿಮಿಷ ಇಟ್ಟು ಸೋಸಿ ಎಸ್ಪ್ರೆಸೊಗೆ ಹಾಕಿದರೆ ಎರಡೇ ಕಾಯಿ ನಾಲ್ಕು ಕಪ್ಪಿಗೆ ಸಾಕಾಗುತ್ತದೆ. ಜಾಜಿಕಾಯಿಗೂ ಇದೇ ರೀತಿ, ಆದರೆ ತೇಯ್ದ ಒಂದು ಗೆರೆಯಷ್ಟು ಮಾತ್ರ.

ಮೆಣಸನ್ನು ಕುದಿಸುವ ಬದಲು ಹುರಿಯಿರಿ. ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ 'ಕಫೆ ತುಬಾ' ಎಂಬ ಕಾಫಿ ಇದೆ, ತುಬಾ ಎಂಬ ಪುಣ್ಯಕ್ಷೇತ್ರದ ಹೆಸರಿನದು. ಅಲ್ಲಿ 'ಜಾರ್' ಎಂಬ ಖಾರದ ಕಾಡುಕಾಯಿಯನ್ನು ಕಾಫಿಬೀಜದ ಜೊತೆಗೇ ಹುರಿದು ಪುಡಿಮಾಡುತ್ತಾರೆ. ನಮ್ಮ ಮಲೆನಾಡಿನ ತೋಟಗಳಲ್ಲಿ ಕಾಫಿಗಿಡಕ್ಕೆ ನೆರಳು ಕೊಡುವ ಮರಗಳ ಮೇಲೇ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಹೀಗೆ ಒಂದೇ ತೋಟದಲ್ಲಿ ಬೆಳೆದ ಆ ಎರಡೂ ಕಪ್ಪಿನಲ್ಲಿ ಕೂಡುವುದು ಸಹಜವೇ. ನಾಲ್ಕು ಕಾಳು ಮೆಣಸು ಹುರಿದು ಕುಟ್ಟಿ, ಬೆಲ್ಲದ ಕಾಫಿಯ ಮೇಲೆ ಉದುರಿಸಿ.

ನನಗೆ ಎಲ್ಲಕ್ಕಿಂತ ಹುರುಪು ಕೊಟ್ಟದ್ದು ಶೇಂಗಾ. ಹುರಿದ ಶೇಂಗಾದ ವಾಸನೆಗೆ ಪೈರಜೀನ್ ಎಂಬ ಗುಂಪಿನ ವಸ್ತುಗಳು ಮುಖ್ಯ ಕಾರಣ. ಹುರಿದ ಕಾಫಿಯಲ್ಲೂ ಅವು ಧಾರಾಳವಾಗಿವೆ. ಹೇಝಲ್‌ನಟ್ ಕಾಫಿಗೆ ಒಪ್ಪುವುದಕ್ಕೂ ಇದೇ ಕಾರಣ. ಅಂದಮೇಲೆ ಹೊಲದಲ್ಲೇ ಬೆಳೆಯುವುದನ್ನು ಬಿಟ್ಟು ಬಾಟಲಿ ಏಕೆ? ಶೇಂಗಾವನ್ನು ಹದವಾಗಿ ಹುರಿದು, ಸಿಪ್ಪೆ ತೆಗೆದು, ನೀರು ಹಾಕಿ ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಹಿಂಡಿದರೆ ಶೇಂಗಾ ಹಾಲು ಬರುತ್ತದೆ. ಅದನ್ನು ಬೆಚ್ಚಗೆ ಮಾಡಿ ಬೆಲ್ಲದ ಎಸ್ಪ್ರೆಸೊಗೆ ಹಾಕಿದರೆ ಬಾಯಿಯಲ್ಲಿ ಶೇಂಗಾ ಹೋಳಿಗೆಯ ನೆನಪು ಬರುವುದು ಖಂಡಿತ. ಶೇಂಗಾ ಕೆಲವರ ಮೈಗೆ ಆಗುವುದಿಲ್ಲ. ಅತಿಥಿಗಳಿಗೆ ಕೊಡುವ ಮುಂಚೆ ಕೇಳಿಕೊಳ್ಳಿ.

ಅರಿಶಿಣ ಮಾತ್ರ ಬೇಡವೆನ್ನುತ್ತೇನೆ. ಹಾಲಿಗೆ ಅದು ಎಷ್ಟು ಒಳ್ಳೆಯದೋ ಕಾಫಿಗೆ ಅಷ್ಟು ಕೆಟ್ಟದ್ದು. ಕಹಿಯ ಮೇಲೆ ಮಣ್ಣಿನ ಕಹಿ ಕೂತು ಎರಡೂ ಹಾಳಾಗುತ್ತವೆ.

ಬೀಳಗಿಯ ಬೇಸಿಗೆಯಲ್ಲಿ ಬಿಸಿ ಕಾಫಿ ಯಾರಿಗೆ ಬೇಕು ಎಂದು ನೀವು ಕೇಳಬಹುದು. ಆಗ ಕಬ್ಬಿನ ಹಾಲು ತನ್ನಿ, ಗಾಣದಿಂದ ಆಗತಾನೆ ಬಂದದ್ದು. ಅದಕ್ಕೆ ನಿಂಬೆರಸ ನಾಲ್ಕು ಹನಿ. ಹಿಂಡಿದ ಕಬ್ಬಿನ ಹಾಲು ಗಾಳಿ ತಾಗಿ ಬೇಗ ಕಪ್ಪಾಗುವುದನ್ನು ಆ ಹುಳಿ ತಡೆಯುತ್ತದೆ. ಇಂಡಿ ಊರಿನ ಕಡೆಯ ನಿಂಬೆ ಸಿಕ್ಕರೆ ಅದರ ಸಿಪ್ಪೆಯನ್ನೂ ಲೋಟದ ಅಂಚಿಗೆ ಉಜ್ಜಿ. ಸಿಪ್ಪೆಯ ಎಣ್ಣೆ ಕಾಫಿಗೆ ಬಲು ಹೊಂದುತ್ತದೆ. ಲೋಟದ ಮುಕ್ಕಾಲು ಕಬ್ಬಿನ ಹಾಲು, ಕೈತುಂಬ ಮಂಜುಗಡ್ಡೆ, ಮೇಲಿನಿಂದ ಚಮಚದ ಬೆನ್ನ ಮೇಲೆ ಮೆಲ್ಲಗೆ ಎಸ್ಪ್ರೆಸೊ. ಮಂಜುಗಡ್ಡೆ ಕುಡಿಯುವ ನೀರಿನದೇ ಆಗಿರಲಿ, ಇದಕ್ಕೆ ಹಾಲು ಹಾಕಬೇಡಿ, ಮಾಡಿಟ್ಟು ಆಮೇಲೆ ಕುಡಿಯುತ್ತೇನೆಂದು ಬಿಡಬೇಡಿ. ಕಲಕುವ ಮೊದಲು ಒಂದು ಗುಟುಕು, ಕಲಕಿದ ಮೇಲೆ ಒಂದು ಗುಟುಕು ಕುಡಿದು ನೋಡಿ.