ಆಂಬ್ಯುಲೆನ್ಸ್ ಯಾರ ಬಾಗಿಲಿಗೆ ಬೇಗ ಬರುತ್ತದೆ?

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಜಂಟಿ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಮೊದಲ ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದವರು ಬಹಳ ಮಂದಿ ಇದ್ದೀರಿ. ಅಂಗಡಿಯನ್ನು ಹುಡುಗನ ಕೈಗೆ ಒಪ್ಪಿಸಿ ಬಂದವರೂ ಇದ್ದೀರಿ. ಆದ್ದರಿಂದ ಪೀಠಿಕೆ ಹಾಕದೆ, ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರುವ ಒಂದು ರಾತ್ರಿಯ ಸಂಗತಿಯಿಂದಲೇ ಶುರು ಮಾಡುತ್ತೇವೆ.

ಕಳೆದ ಮಳೆಗಾಲ. ಮೂರನೆಯ ಪಾಳಿ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಕಾರ್ಡಿಂಗ್ ಖಾತೆಯಲ್ಲಿ ನಮ್ಮ ಒಬ್ಬ ಸಂಗಾತಿ ಎದೆ ಹಿಡಿದುಕೊಂಡು ಕುಳಿತ. ಮೈಯೆಲ್ಲ ಬೆವರು. ವಾಯು ಆಗಿರಬೇಕು ಎಂದು ಒಬ್ಬರು ಸೋಡಾ ತಂದರು, ಇನ್ನೊಬ್ಬರು ಬೆನ್ನು ತಿಕ್ಕಿದರು. ಅದರಲ್ಲೇ ಕಾಲು ಗಂಟೆ ಹೋಯಿತು. ಆಮೇಲೆ 108ಕ್ಕೆ ಫೋನು ಮಾಡಿದೆವು. ಫೋನು ತೆಗೆದರು, ಮರ್ಯಾದೆಯಿಂದಲೇ ಮಾತಾಡಿದರು. ಹತ್ತಿರದ ಗಾಡಿ ಒಂದು ಹೆರಿಗೆಯ ಹೆಣ್ಣುಮಗಳನ್ನು ಕರೆದುಕೊಂಡು ಬೇರೆ ತಾಲೂಕಿಗೆ ಹೋಗಿದೆ, ಇನ್ನೊಂದು ಗಾಡಿ ಬರಲು ಮುಕ್ಕಾಲು ಗಂಟೆ ಆಗುತ್ತದೆ ಎಂದರು. ಗಿರಣಿಯ ಜೀಪು ಇತ್ತು, ಅದರ ಕೀಲಿಕೈ ಯಾರ ಹತ್ತಿರ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗೇಟಿನ ಹೊರಗೆ ತರಕಾರಿ ಹರಾಜಿಗೆ ಹೊರಟಿದ್ದ ಒಂದು ಟೆಂಪೋ ಕಂಡಿತು. ಓಡಿಹೋಗಿ ಕೈ ಅಡ್ಡ ಹಾಕಿದೆವು. ಅದರ ಯಜಮಾನ ಈ ಸಭೆಯಲ್ಲೇ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಹೆಸರು ಹೇಳಿದರೆ ಅವರಿಗೆ ಇಷ್ಟವಾಗುವುದಿಲ್ಲ. ಖಾಲಿ ಕ್ರೇಟುಗಳನ್ನು ರಸ್ತೆಗೆ ಎಸೆದು, ಗೋಣಿಚೀಲ ಹಾಸಿ ಮಲಗಿಸಿದೆವು.

ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ಸೂಜಿ ಹಾಕಿದರು. ಇದು ಹೃದಯದ ಸಮಸ್ಯೆ, ದೊಡ್ಡ ಊರಿಗೆ ಒಯ್ಯಿರಿ ಎಂದರು. ಆಸ್ಪತ್ರೆಯ ಗಾಡಿ ಆಗಲೇ ಇನ್ನೊಂದು ರೋಗಿಯ ಜೊತೆ ಹೋಗಿತ್ತು. ಹೊರಗೆ ಖಾಸಗಿ ಗಾಡಿಗಳು ಸಾಲಾಗಿ ನಿಂತಿದ್ದವು. ಆಮ್ಲಜನಕ ಸೇರಿ ಒಂಬತ್ತು ಸಾವಿರ, ಅದೂ ಮುಂಗಡ ಎಂದರು. ನಮ್ಮ ಜೇಬುಗಳನ್ನೆಲ್ಲ ಸೇರಿಸಿದರೆ ಎರಡು ಸಾವಿರದ ಮುನ್ನೂರು ಬಂತು. ಉಳಿದದ್ದನ್ನು ಕೊಟ್ಟವರು ಅದೇ ಟೆಂಪೋದವರು. ಆ ದಿನದ ಹರಾಜಿಗೆ ಇಟ್ಟುಕೊಂಡಿದ್ದ ಬಂಡವಾಳ ಅದು. ಅಂದು ಅವರ ಅಂಗಡಿ ತೆರೆಯಲಿಲ್ಲ.

ಸಂಗಾತಿ ಬದುಕಿದ. ಹಗುರ ಕೆಲಸಕ್ಕೆ ಮರಳಿದ್ದಾನೆ. ಆದರೆ ಹೃದಯದ ಒಂದು ಭಾಗ ಆ ತಡದಲ್ಲಿ ಸತ್ತುಹೋಯಿತು ಎಂದು ವೈದ್ಯರು ಹೇಳಿದ್ದಾರೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ.

ಅದೇ ತಿಂಗಳಲ್ಲಿ ಊರಿನ ಒಬ್ಬ ದೊಡ್ಡ ಮನುಷ್ಯರಿಗೆ ಮದುವೆ ಮಂಟಪದಲ್ಲಿ ತಲೆಸುತ್ತು ಬಂತು. ಖಾಸಗಿ ಆಸ್ಪತ್ರೆಯ ಗಾಡಿ ವೈದ್ಯರ ಸಮೇತ ಹತ್ತು ನಿಮಿಷದಲ್ಲಿ ಬಂತು. ಅದರೊಳಗೆ ಉಸಿರಾಟದ ಯಂತ್ರವಿತ್ತು, ನರ್ಸಮ್ಮ ಇದ್ದರು. ಅವರಿಗೆ ಆದದ್ದು ಉಪವಾಸದ ಸುಸ್ತು, ಸಂಜೆಯೇ ಮನೆಗೆ ಬಂದರು. ನಮಗೆ ಅದರಲ್ಲಿ ಹೊಟ್ಟೆಕಿಚ್ಚಿಲ್ಲ, ಅವರು ನೂರು ವರ್ಷ ಬಾಳಲಿ. ನಾವು ಕೇಳುವ ಪ್ರಶ್ನೆ ಇಷ್ಟೇ: ಒಂದೇ ಊರು, ಒಂದೇ ರಸ್ತೆ, ಮಲಗಿದವನ ಜೇಬು ನೋಡಿ ಗಾಡಿಯ ವೇಗ ಬದಲಾಗುವುದು ಯಾವ ನ್ಯಾಯ?

ಆಂಬ್ಯುಲೆನ್ಸ್ ಎಂಬುದು ಯುದ್ಧದಲ್ಲಿ ಬೆಳೆದ ವ್ಯವಸ್ಥೆ. 1792ರಲ್ಲಿ ಫ್ರಾನ್ಸಿನ ಸೇನಾ ವೈದ್ಯ ಲಾರ್ರೆ ಕುದುರೆ ಕಟ್ಟಿದ ಹಗುರ ಗಾಡಿಗಳನ್ನು ರಣರಂಗದ ನಡುವಿನಿಂದಲೇ ಗಾಯಾಳುಗಳನ್ನು ತರಲು ಹಚ್ಚಿದ. ಅವನು ಪಾಲಿಸಿದ ನಿಯಮ ಮುಖ್ಯವಾದದ್ದು: ಯಾರ ಗಾಯ ಹೆಚ್ಚು ಅಪಾಯದ್ದೋ ಅವರಿಗೆ ಮೊದಲು, ಪದವಿ ನೋಡುವಂತಿಲ್ಲ. ರಾಜರೂ ಸೇನಾಪತಿಗಳೂ ಇದ್ದ ಕಾಲದಲ್ಲಿ ಒಬ್ಬ ವೈದ್ಯ ಒಪ್ಪಿಕೊಂಡಿದ್ದ ಸಮತೆ ಅದು. ಇಂಗ್ಲೆಂಡಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗ ಗಾಡಿಗೂ ದುಡ್ಡಿಲ್ಲ, ಹಾಸಿಗೆಗೂ ದುಡ್ಡಿಲ್ಲ ಎಂದಾಯಿತು. ಯುದ್ಧದಲ್ಲಿ ಸುಸ್ತಾಗಿ, ಸಾಲದಲ್ಲಿ ಮುಳುಗಿದ್ದ ದೇಶ ಮಾಡಿದ ಕೆಲಸ ಅದು, ಸಿರಿವಂತಿಕೆಯ ಕಾಲದ್ದಲ್ಲ. ಇನ್ನೊಂದು ಕಡೆ, ಜಗತ್ತಿಗೇ ಶ್ರೀಮಂತವಾದ ಅಮೆರಿಕೆಯನ್ನು ನೋಡಿ. ಅನಿರೀಕ್ಷಿತ ಆಸ್ಪತ್ರೆ ಬಿಲ್ಲುಗಳಿಂದ ರೋಗಿಯನ್ನು ಕಾಪಾಡುವ ಒಂದು ಕಾಯಿದೆ ಅಲ್ಲಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಹೆಲಿಕಾಪ್ಟರಿನ ಬಿಲ್ಲು ಅದರೊಳಗೆ ಬಂತು. ರಸ್ತೆಯ ಮೇಲೆ ಓಡುವ ಆಂಬ್ಯುಲೆನ್ಸನ್ನು ಹೊರಗೆ ಬಿಟ್ಟರು!

ನಮ್ಮ ದೇಶದ ಮಾತಿಗೆ ಬರೋಣ. ಹಕೀಂ ಶೇಖ್ ಎಂಬವರ ಕಥೆಯನ್ನು ಪ್ರತಿಯೊಬ್ಬ ಕಾರ್ಮಿಕನೂ ತಿಳಿದಿರಬೇಕು. ಪಶ್ಚಿಮ ಬಂಗಾಳದ ಕೃಷಿಕೂಲಿಗಾರರ ಸಂಘದ ಸದಸ್ಯ. 1992ರ ಜುಲೈ 8ರ ಸಂಜೆ ಮಥುರಾಪುರ ಸ್ಟೇಷನ್ನಿನಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೌಕರ್ಯವಿಲ್ಲ ಎಂದು ಮುಂದಕ್ಕೆ ಕಳಿಸಿದರು. ಕಲ್ಕತ್ತೆಯಲ್ಲಿ ಆ ರಾತ್ರಿಯೆಲ್ಲ ಒಂದು ಸರ್ಕಾರಿ ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದಾಟ. ಒಂದು ಕಡೆ ಹಾಸಿಗೆ ಇಲ್ಲ, ಇನ್ನೊಂದು ಕಡೆ ತಲೆಯ ಶಸ್ತ್ರಚಿಕಿತ್ಸೆಯ ವಿಭಾಗವೇ ಇಲ್ಲ. ಮರುದಿನ ಖಾಸಗಿ ಆಸ್ಪತ್ರೆಗೆ ಸೇರಿಸಬೇಕಾಯಿತು, ಖರ್ಚು ಸುಮಾರು 17,000 ರೂಪಾಯಿ. 1992ರಲ್ಲಿ ಒಬ್ಬ ಕೂಲಿಗಾರನಿಗೆ 17,000 ಎಂದರೇನೆಂದು ನೀವೇ ಲೆಕ್ಕ ಹಾಕಿ.

ಆದರೆ ಅವರ ಹಿಂದೆ ಸಂಘ ಇತ್ತು. ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಮೇ ತಿಂಗಳಲ್ಲಿ ತೀರ್ಪು ಬಂತು: ತುರ್ತು ಚಿಕಿತ್ಸೆ ಸಿಗದಂತೆ ಮಾಡುವುದು ಸಂವಿಧಾನದ 21ನೇ ವಿಧಿ ಕೊಟ್ಟ ಜೀವಿಸುವ ಹಕ್ಕಿನ ಉಲ್ಲಂಘನೆ, ಸರ್ಕಾರ 25,000 ರೂಪಾಯಿ ಪರಿಹಾರ ಕೊಡಬೇಕು. ಬೊಕ್ಕಸದಲ್ಲಿ ಹಣವಿಲ್ಲ ಎಂಬ ನೆಪವನ್ನೂ ಕೋರ್ಟು ಒಪ್ಪಲಿಲ್ಲ. ಆರೋಗ್ಯ ಕೇಂದ್ರದಿಂದ ದೊಡ್ಡ ಆಸ್ಪತ್ರೆಗೆ ಒಯ್ಯಲು ಸಜ್ಜಾದ ಆಂಬ್ಯುಲೆನ್ಸ್, ಅದರಲ್ಲಿ ತಿಳಿದ ಸಿಬ್ಬಂದಿ, ಎಲ್ಲಿ ಹಾಸಿಗೆ ಖಾಲಿ ಇದೆ ಎಂದು ತಿಳಿಸುವ ಒಂದು ಕೇಂದ್ರ, ಇವೆಲ್ಲ ಇರಬೇಕೆಂದು ಆ ತೀರ್ಪಿನಲ್ಲೇ ಇದೆ. ನಮ್ಮ ಸಂಗಾತಿಯನ್ನು ಸಾಗಿಸಲು ಒಂಬತ್ತು ಸಾವಿರ ಕೇಳಿದ ರಾತ್ರಿಗೆ ಎಷ್ಟೋ ವರ್ಷ ಮೊದಲೇ ಬರೆದಿಟ್ಟ ಮಾತು ಇದು.

ಕರ್ನಾಟಕಕ್ಕೆ 108 ಬಂದದ್ದು 2008ರ ನವೆಂಬರ್ 1ರಂದು, ಆರೋಗ್ಯ ಕವಚ ಎಂಬ ಹೆಸರಿನಲ್ಲಿ. ಒಳ್ಳೆಯದನ್ನು ಒಳ್ಳೆಯದೆನ್ನಬೇಕು. ಅದಕ್ಕೆ ಮೊದಲು ಹಳ್ಳಿಯ ಬಾಣಂತಿಗೆ ಎತ್ತಿನ ಗಾಡಿ, ಇಲ್ಲವೆ ಸಾಲ ತಂದ ಬಾಡಿಗೆ ಕಾರು. ಬಿಟ್ಟಿ ಫೋನು, ಬಿಟ್ಟಿ ಗಾಡಿ ಎಂಬುದು ಬಡವರ ಮಟ್ಟಿಗೆ ದೊಡ್ಡ ಬದಲಾವಣೆ. ಆದರೆ ಅದನ್ನು ಕಟ್ಟಿದ ರೀತಿ ನೋಡಿ. ಖರ್ಚಿನ ಬಹುಪಾಲು ಸರ್ಕಾರದ್ದು, ನಡೆಸುತ್ತಿದ್ದುದು ಮಾತ್ರ ಸತ್ಯಂ ಕಂಪನಿಯ ಒಡೆಯರ ಮನೆತನ ಕಟ್ಟಿದ ಸಂಸ್ಥೆ. ನಮ್ಮಲ್ಲಿ ಗಾಡಿ ಓಡತೊಡಗಿ ಎರಡು ತಿಂಗಳು ಕಳೆದಿತ್ತಷ್ಟೇ, 2009ರ ಜನವರಿ 7ರಂದು ಆ ಒಡೆಯರು ಲೆಕ್ಕಪತ್ರ ಸುಳ್ಳು ಎಂದು ಒಪ್ಪಿಕೊಂಡರು. ಆಮೇಲೆ ಇನ್ನೊಂದು ಉದ್ಯಮ ಸಮೂಹ ಕೈಗೆತ್ತಿಕೊಂಡಿತು. ಕೋಟಿಗಟ್ಟಲೆ ಜನರ ಕೊನೆಯ ಆಸರೆ ಒಬ್ಬ ಬಂಡವಾಳಗಾರನ ಮನೆಯ ಲೆಕ್ಕಕ್ಕೆ ಕಟ್ಟಿಬಿದ್ದಿತ್ತು ಎಂಬುದನ್ನು ಮರೆಯಬೇಡಿ. 2022ರ ಸೆಪ್ಟೆಂಬರಿನಲ್ಲಿ ಕರೆ ಕೇಂದ್ರದ ಯಂತ್ರವೇ ಕೆಟ್ಟು ರಾಜ್ಯದಾದ್ಯಂತ ಜನ ಪರದಾಡಿದರು. ಗಾಡಿಯ ಚಾಲಕರೂ ಶುಶ್ರೂಷಕರೂ ಸಂಬಳದ ಬಾಕಿಗಾಗಿ ಮುಷ್ಕರದ ನೋಟೀಸು ಕೊಟ್ಟದ್ದು ಒಂದೆರಡು ಸಲವಲ್ಲ. ಹನ್ನೆರಡು ಗಂಟೆಯ ಪಾಳಿ ಮಾಡುವ ಆ ಹುಡುಗರ ಮೇಲೆ ಗಾಡಿ ತಡವಾಯಿತೆಂದು ಕೈ ಎತ್ತುವವರು ನಮ್ಮಲ್ಲೂ ಇದ್ದಾರೆ. ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದ ಗಿರಣಿಯವರಿಗೆ ಅದು ಶೋಭೆಯಲ್ಲ.

ಗಾಡಿಗಳ ಲೆಕ್ಕ ಕೇಳಿದರೆ ಅಧಿಕಾರಿಗಳು ಸಲೀಸಾಗಿ ಉತ್ತರ ಕೊಡುತ್ತಾರೆ. ರಾಷ್ಟ್ರೀಯ ಆರೋಗ್ಯ ಮಿಷನ್ನಿನ ಅಳತೆಯಂತೆ 1 ಲಕ್ಷ ಜನಕ್ಕೆ ಸಾಧಾರಣ ಸಜ್ಜಿನ ಒಂದು ಗಾಡಿ, 5 ಲಕ್ಷ ಜನಕ್ಕೆ ಉಸಿರಾಟದ ಯಂತ್ರ ಮೊದಲಾದವು ಇರುವ ಒಂದು ಗಾಡಿ. 2011ರ ಜನಗಣತಿಯಲ್ಲಿ ರಾಜ್ಯದ ಜನ 6 ಕೋಟಿ 11 ಲಕ್ಷ. ಹಾಗೆ ಗುಣಿಸಿದರೆ 733 ಗಾಡಿ. ರಾಜ್ಯದಲ್ಲಿ 108ರ ಗಾಡಿಗಳು ಏಳುನೂರರ ಆಸುಪಾಸು. ಕಾಗದದ ಮೇಲೆ ಲೆಕ್ಕ ಸರಿಹೋಯಿತು! ಆದರೆ ಬೆಂಗಳೂರಿನ ಲಕ್ಷ ಜನ ಕೆಲವು ಬೀದಿಗಳಲ್ಲಿ ಸಿಗುತ್ತಾರೆ. ಜೋಯಿಡಾದಲ್ಲಿ ಇಡೀ ತಾಲೂಕು ಕೂಡಿದರೂ ಲಕ್ಷ ಜನ ಆಗುವುದಿಲ್ಲ, ಊರಿಂದೂರಿಗೆ ಕಾಡು, ಹಳ್ಳ. ಮಲೆ ಮಹದೇಶ್ವರ ಬೆಟ್ಟದ ಹಾಡಿಗಳಿಂದ ಇಂದಿಗೂ ರೋಗಿಗಳನ್ನು ಡೋಲಿ ಕಟ್ಟಿ ಹೊತ್ತು ತಂದ ಸುದ್ದಿ ಬರುತ್ತದೆ. ಜನಸಂಖ್ಯೆಯಿಂದ ಭಾಗಿಸುವವರು ದಾರಿಯಿಂದಲೂ ಭಾಗಿಸಬೇಕು.

ಎದೆನೋವಿಗೆ ರಕ್ತದ ಗಡ್ಡೆ ಕರಗಿಸುವ ಸಾವಿರಾರು ರೂಪಾಯಿಯ ಸೂಜಿಯನ್ನು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ 2023ರಿಂದ ತಾಲೂಕು ಆಸ್ಪತ್ರೆಗಳಲ್ಲೇ ಬಿಟ್ಟಿಯಾಗಿ ಕೊಡತೊಡಗಿದರು. ಬಹಳ ಒಳ್ಳೆಯ ಕೆಲಸ, ನಮ್ಮ ಸಂಗಾತಿ ಬದುಕಿದ್ದು ಅಂಥ ಸೂಜಿಯಿಂದಲೇ. ಆದರೆ ಅದರ ಗುಣ ಮೊದಲ ಗಂಟೆಗಳಲ್ಲಿ ಹೆಚ್ಚು, ತಡವಾದಷ್ಟೂ ಕಡಿಮೆ. ಸೂಜಿ ಆಸ್ಪತ್ರೆಯಲ್ಲಿದೆ, ನೋವು ಗಿರಣಿಯಲ್ಲಿದೆ. ನಡುವಿನ ದಾರಿಗೆ ಯಾರು ಹೊಣೆ?

ಗಿರಣಿ ಮಾಲೀಕರ ಹೊಣೆಯನ್ನೂ ಕೇಳಬೇಕು. 1948ರ ಕಾರ್ಖಾನೆ ಕಾಯಿದೆಯ 45ನೇ ಕಲಮಿನಲ್ಲಿ 150 ಕಾರ್ಮಿಕರಿಗೆ ಒಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, 500ಕ್ಕಿಂತ ಹೆಚ್ಚು ಜನರಿರುವ ಕಡೆ ಆಂಬ್ಯುಲೆನ್ಸ್ ಕೊಠಡಿ ಇರಬೇಕೆಂದಿತ್ತು. ಅದರ ಜಾಗಕ್ಕೆ ತಂದ 2020ರ ಸಂಹಿತೆಯಲ್ಲೂ 500ರ ಅಂಕೆಯೇ ಉಳಿಯಿತು. ಗುತ್ತಿಗೆಯವರನ್ನು ಬೇರೆ ಪುಸ್ತಕದಲ್ಲಿ ಬರೆದು, ಹಾಜರಿಯಲ್ಲಿ ನಾನೂರ ತೊಂಬತ್ತು ತೋರಿಸುವ ಜಾಣತನ ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ಕೊಠಡಿ ಇದ್ದ ಕಡೆಯೂ ಅದರಲ್ಲಿ ಹಳೆಯ ಬಾಬಿನ್ನು ತುಂಬಿರುವುದನ್ನು ನಾವು ಕಂಡಿದ್ದೇವೆ. ಪೆಟ್ಟಿಗೆ ತೆರೆದರೆ ಒಣಗಿದ ಅಯೋಡಿನ್ ಬಾಟಲಿ ಒಂದು.

ಇಎಸ್‌ಐಗೆ 2019ರ ಜುಲೈಯಿಂದ ಕಾರ್ಮಿಕನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನದು ಮೂರೂಕಾಲು. ಕಟಾವಣೆ ತಿಂಗಳು ತಿಂಗಳು ತಪ್ಪುವುದಿಲ್ಲ, ಆದರೆ ಎಲ್ಲ ಜಿಲ್ಲೆಗಳಲ್ಲಿ ಇಎಸ್‌ಐ ಆಸ್ಪತ್ರೆ ಇಲ್ಲ. ವರ್ತಕ ಮಿತ್ರರಿಗೆ ಅದೂ ಇಲ್ಲ. ಕಿರಾಣಿ ಅಂಗಡಿಯವನನ್ನು ಸರ್ಕಾರ ಸಾಹುಕಾರ ಎಂದು ತಿಳಿದು ಎಪಿಎಲ್ ಕಾರ್ಡು ಕೊಡುತ್ತದೆ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ 2018ರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಎಂದರು, ಎಪಿಎಲ್ ಆದರೆ ಚಿಕಿತ್ಸೆಯ ದರದಲ್ಲಿ ನೂರಕ್ಕೆ 30 ಭಾಗ ಮಾತ್ರ. ಉಳಿದ 70ಕ್ಕೆ ಅವನು ಅಂಗಡಿಯ ಸರಕನ್ನೇ ಮಾರಬೇಕು.

ವರ್ತಕ ಮಿತ್ರರೆ, ನಿಮ್ಮ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಪೊಟ್ಟಣದ ಮೇಲೆ ಬೆಲೆ ಇಲ್ಲದಿದ್ದರೆ ದಂಡ ಹಾಕುತ್ತಾರೆ. ಆಟೋಗೆ ಮೀಟರು ಇದೆ. ಆ ರಾತ್ರಿ ಆಸ್ಪತ್ರೆಯ ಮುಂದೆ ಸಾಲಾಗಿ ನಿಂತಿದ್ದ ಗಾಡಿಗಳ ಮೇಲೆ ದರದ ಬೋರ್ಡು ಒಂದೂ ಇರಲಿಲ್ಲ. ಕೊರೋನಾ ಕಾಲದಲ್ಲಿ, 2020ರ ಸೆಪ್ಟೆಂಬರಿನಲ್ಲಿ, ಆಂಬ್ಯುಲೆನ್ಸಿಗೆ ನ್ಯಾಯವಾದ ದರ ನಿಗದಿ ಮಾಡಿರೆಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿತು. ಸಾಂಕ್ರಾಮಿಕದಲ್ಲಿ ಆಗಬಹುದಾದದ್ದು ಎದೆನೋವಿಗೆ ಏಕಾಗಬಾರದು?

ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಅಮೆರಿಕೆಯ ಪಿಟ್ಸ್‌ಬರ್ಗ್ ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿ ರೋಗಿಗಳನ್ನು ಪೊಲೀಸ್ ವ್ಯಾನಿನಲ್ಲಿ ಹಾಕಿಕೊಂಡು ಹೋಗುತ್ತಿದ್ದರು, ಕರಿಯರ ಕೇರಿಗೆ ಅದೂ ಸರಿಯಾಗಿ ಬರುತ್ತಿರಲಿಲ್ಲ. 1967ರಲ್ಲಿ ಆ ಕೇರಿಯ ಕೆಲಸವಿಲ್ಲದ ಕರಿಯ ಯುವಕರನ್ನೇ ಪೀಟರ್ ಸಾಫರ್ ಎಂಬ ವೈದ್ಯ ತರಬೇತು ಮಾಡಿ ಫ್ರೀಡಂ ಹೌಸ್ ಎಂಬ ಗಾಡಿ ಸೇವೆ ಕಟ್ಟಿಸಿದ. ಆ ದೇಶದ ಮೊದಲ ತರಬೇತಾದ ತುರ್ತು ಸಿಬ್ಬಂದಿಯಲ್ಲಿ ಅವರೂ ಸೇರಿದ್ದರು. 1975ರಲ್ಲಿ ನಗರಾಡಳಿತ ಅದನ್ನು ಮುಚ್ಚಿಸಿ ತನ್ನದೇ ಸೇವೆ ಮಾಡಿಕೊಂಡಿತು ಎಂಬುದು ಬೇರೆ ದುಃಖ. ನಮ್ಮಲ್ಲೇ ಜಲಪಾಯಿಗುರಿಯ ಚಹಾ ತೋಟದ ಕಾರ್ಮಿಕ ಕರೀಮುಲ್ ಹಕ್, ಗಾಡಿ ಸಿಗದೆ ತಾಯಿಯನ್ನು ಕಳೆದುಕೊಂಡವರು, ಮೋಟಾರ್ ಸೈಕಲ್ಲನ್ನೇ ಆಂಬ್ಯುಲೆನ್ಸ್ ಮಾಡಿಕೊಂಡು ಸುತ್ತಲ ಹಳ್ಳಿಗಳ ರೋಗಿಗಳನ್ನು ಸಾಗಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಕೊಟ್ಟರು. ಪದಕ ಕೊಟ್ಟ ಸರ್ಕಾರ ಆ ತೋಟಗಳಿಗೆ ಗಾಡಿಯನ್ನೂ ಕೊಡಬೇಕಿತ್ತು ಎನ್ನುವುದು ನಮ್ಮ ಅಭಿಪ್ರಾಯ.

ಆದ್ದರಿಂದ ಸಮಿತಿ ತೀರ್ಮಾನಿಸಿದ್ದು ಹೀಗೆ. ಪ್ರತಿ ಪಾಳಿಯಲ್ಲಿ ಇಬ್ಬರು, ಪೇಟೆಯ ಪ್ರತಿ ಬೀದಿಯಲ್ಲಿ ಇಬ್ಬರು ತರಬೇತಿ ಪಡೆಯಬೇಕು. ಪ್ರಜ್ಞೆ ತಪ್ಪಿ ಉಸಿರು ನಿಂತವನ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಎರಡು ಅಂಗುಲದಷ್ಟು ಆಳಕ್ಕೆ, ಗಾಡಿ ಬರುವವರೆಗೆ ಬಿಡದೆ ಒತ್ತಬೇಕು. ಹತ್ತಿಯ ಅಂಡಿಗೆ ಎತ್ತುವ ತೋಳುಗಳಿಗೆ ಇದು ಕಷ್ಟವಲ್ಲ. ಗಿರಣಿಯ ಜೀಪಿನ ಕೀಲಿಕೈ ರಾತ್ರಿ ಪಾಳಿಯಲ್ಲಿ ಗೇಟಿನ ಕಾವಲುಗಾರನ ಹತ್ತಿರವೇ ಇರಬೇಕೆಂದು ಮ್ಯಾನೇಜರರಿಗೆ ನಾಳೆಯೇ ಪತ್ರ ಹೋಗುತ್ತದೆ. ಆಸ್ಪತ್ರೆಯ ಮುಂದೆ ದರದ ಬೋರ್ಡು, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಒಯ್ಯುವ ಹೊಣೆ ಕಳಿಸುವ ಆಸ್ಪತ್ರೆಯದ್ದೇ, 108ರ ಸಿಬ್ಬಂದಿಗೆ ತಿಂಗಳು ತಿಂಗಳು ಸಂಬಳ, ಈ ಮೂರು ಬೇಡಿಕೆಗಳ ಮನವಿಯನ್ನು ಜಿಲ್ಲಾಧಿಕಾರಿಗಳಿಗೆ ಕೊಡುತ್ತೇವೆ.

ಬರೀ ಘೋಷಣೆ ಕೂಗಿದರೆ ಅವರು ಅಂಕಿ ಅಂಶ ಎಲ್ಲಿ ಎನ್ನುತ್ತಾರೆ. ಅದಕ್ಕೇ ಒಂದು ಪುಸ್ತಕ ಹೊಲಿಸಿದ್ದೇವೆ. ಯಾರಿಗೆ ಯಾವಾಗ ಗಾಡಿ ಬೇಕಾಯಿತು, ಫೋನು ಮಾಡಿದ ಗಂಟೆ, ಗಾಡಿ ಬಂದ ಗಂಟೆ, ಕೊಟ್ಟ ದುಡ್ಡು, ನಾಲ್ಕೇ ಕಲಂ. ಒಂದು ಪ್ರತಿ ಯೂನಿಯನ್ ಕಚೇರಿಯಲ್ಲಿ, ಇನ್ನೊಂದು ತರಕಾರಿ ಮಾರುಕಟ್ಟೆಯ ಆ ಟೆಂಪೋದವರ ಅಂಗಡಿಯಲ್ಲಿ ಇರುತ್ತದೆ. ಮೊದಲನೆಯ ಸಾಲನ್ನು ನಾವೇ ಬರೆದಿದ್ದೇವೆ: ಫೋನು 2.20, ಗಾಡಿ ಬರಲಿಲ್ಲ, 9,000. ತರಬೇತಿಗೆ ಹೆಸರು ಕೊಡುವವರು ಎರಡನೆಯ ಪಾಳಿಯ ಭೋಂಗಾ ಊದುವ ಮೊದಲು ಬಾಗಿಲ ಹತ್ತಿರದ ಮೇಜಿಗೆ ಬನ್ನಿ.